ತಂತಿ ಮುಂದೆ ಹೋಗಲಿಲ್ಲ

ಕಾಂಕ್ರೀಟಿನ ಹೊಟ್ಟೆಯಲ್ಲಿ ಏನಿದೆ ಎಂದು ಆಮೇಲೆ ನೋಡಲು ಬರುವುದಿಲ್ಲ. ಸುರಿಯುವ ಮೊದಲು ನೋಡಿ ಸಹಿ ಹಾಕಿದವರ ಮಾತೇ ಕೊನೆಯ ಮಾತು. ನನ್ನ ಕೆಲಸ ಅದು. ಹೈದರಾಬಾದಿನ ಮೆಟ್ರೋ ಮಾರ್ಗವನ್ನು ಊರಾಚೆಯ ಹೊಸ ಬಡಾವಣೆಗಳ ತನಕ ಬೆಳೆಸುವ ಕಾಮಗಾರಿಯಲ್ಲಿ ನಾನು ಗುಣಮಟ್ಟ ನೋಡುವ ಎಂಜಿನಿಯರ್. ನಮ್ಮ ಮನೆತನದಲ್ಲಿ ಹತ್ತನೆಯ ತರಗತಿ ದಾಟಿದ ಮೊದಲನೆಯವಳು ನಾನು, ಡಿಗ್ರಿ ಪಡೆದ ಮೊದಲನೆಯವಳೂ ನಾನೇ. ಅವ್ವ ಈಗಲೂ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುತ್ತಾಳೆ. ಸಹಿ ಎಂಬುದು ಬೇರೆಯವರಿಗೆ ಹೇಗೋ ಏನೋ, ನಮ್ಮ ಮನೆಯಲ್ಲಿ ಅದು ಚಿನ್ನಕ್ಕಿಂತ ಜೋಪಾನದ ವಸ್ತು. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ಜಂಬ ಪಡುವಷ್ಟು ಕಷ್ಟ ಬಿದ್ದಿದ್ದೇನೆ.

ಅಂಥ ಸಹಿ ಒಂದು ಮಧ್ಯಾಹ್ನ ನಡುರಸ್ತೆಯಲ್ಲಿ, ಎಲ್ಲರ ತಲೆಯ ಮೇಲೆ ತೂಗಾಡಿತು.

ಏನಾಯಿತೆಂದು ತಿಳಿಯಬೇಕಾದರೆ ಮೆಟ್ರೋ ಸೇತುವೆ ಹೇಗೆ ಕಟ್ಟುತ್ತಾರೆಂದು ಸ್ವಲ್ಪ ಹೇಳಬೇಕು. ಕಂಬಗಳನ್ನು ರಸ್ತೆಯ ಮಧ್ಯದಲ್ಲೇ ಎಬ್ಬಿಸುತ್ತೇವೆ. ಆದರೆ ಕಂಬದಿಂದ ಕಂಬಕ್ಕೆ ಹಾಯುವ ಸೇತುವೆಯನ್ನು ಅಲ್ಲಿ ನಿಂತು ಕಟ್ಟುವುದಿಲ್ಲ. ಬ್ರೆಡ್ಡಿನ ಹೋಳುಗಳಂತೆ ಅದನ್ನು ತುಂಡು ತುಂಡಾಗಿ ಊರಾಚೆಯ ಯಾರ್ಡಿನಲ್ಲಿ ಎರಕ ಹೊಯ್ಯುತ್ತೇವೆ. ಒಂದೊಂದು ತುಂಡೂ ಒಂದು ಕೋಣೆಯಷ್ಟು. ಅವನ್ನು ದೊಡ್ಡ ಟ್ರೇಲರಿನ ಮೇಲೆ ತಂದು, ಎರಡು ಕಂಬಗಳ ನಡುವೆ ಉಕ್ಕಿನ ತೊಲೆಯಿಂದ ಸಾಲಾಗಿ ನೇತುಹಾಕಿ, ಮುಖಕ್ಕೆ ಮುಖ ಅಂಟು ಬಳಿದು ಕೂಡಿಸುತ್ತಾರೆ. ಕೊನೆಗೆ ಎಲ್ಲ ತುಂಡುಗಳ ಒಳಗಿನಿಂದ ಉಕ್ಕಿನ ತಂತಿಗಳನ್ನು ಪೋಣಿಸಿ ಜ್ಯಾಕ್ ಇಟ್ಟು ಜಗ್ಗುತ್ತಾರೆ. ಮಣಿ ಪೋಣಿಸಿ ದಾರ ಬಿಗಿದ ಹಾಗೆ. ತಂತಿ ಬಿಗಿದ ಮೇಲೆಯೇ ಅದು ಸೇತುವೆ. ಅಲ್ಲಿಯವರೆಗೆ ಅದು ನೇತಾಡುವ ಭಾರ, ಅಷ್ಟೆ.

ಈ ಕೆಲಸದಲ್ಲಿ ಒಂದು ವಿಶೇಷ ಉಂಟು. ಪ್ರತಿ ತುಂಡನ್ನೂ ಅದರ ಹಿಂದಿನ ತುಂಡಿನ ಮುಖಕ್ಕೇ ಒತ್ತಿ ಎರಕ ಹೊಯ್ಯುತ್ತೇವೆ. ಹಾಗಾಗಿ ಅದು ತನ್ನ ಪಕ್ಕದ್ದಕ್ಕೆ ಮಾತ್ರ ಕೂದಲೆಳೆಯ ಸಂದೂ ಇಲ್ಲದಂತೆ ಕೂರುತ್ತದೆ, ಬೇರೆ ಯಾವುದಕ್ಕೂ ಕೂರುವುದಿಲ್ಲ. ಒಂದು ಕೆಟ್ಟರೆ ಇನ್ನೊಂದನ್ನು ತಂದು ಆ ಜಾಗಕ್ಕೆ ಸೇರಿಸುತ್ತೇನೆ ಎನ್ನುವಂತಿಲ್ಲ. ಸಾಲೇ ಹೋಗುತ್ತದೆ.

ತಂತಿಗಳು ಹಾಯಲು ಪ್ರತಿ ತುಂಡಿನಲ್ಲೂ ಕೊಳವೆಗಳನ್ನು ಹೂತಿರುತ್ತೇವೆ. ಡಕ್ಟ್ ಎಂದು ಕರೆಯುತ್ತೇವೆ. ಹೆಂಗಸಿನ ಕೈ ಮೊಳಕೈಯವರೆಗೂ ಹೋಗುವಷ್ಟು ಅಗಲ. ಎರಕ ಸುರಿಯುವಾಗ ಈ ಕೊಳವೆ ಎಲ್ಲಾದರೂ ಸೀಳಿದರೆ ಸಿಮೆಂಟಿನ ಹಾಲು ಒಳಗಿಳಿದು ಕಲ್ಲಾಗುತ್ತದೆ. ಅದಕ್ಕೇ ಎರಕ ಆದ ಮೇಲೆ ಕೊಳವೆಯ ಈ ತುದಿಯಿಂದ ಆ ತುದಿಗೆ ಮರದ ಗುಂಡು ಹಾಯಿಸಿ ನೋಡಿ, ಬಾಯಿಗೆ ಸ್ಪಂಜು ತುರುಕಿ, ನಾನು ಮತ್ತೊಮ್ಮೆ ಸಹಿ ಹಾಕುತ್ತೇನೆ.

ಆವತ್ತು ಊಟದ ಡಬ್ಬಿ ಆಗಷ್ಟೇ ತೆರೆದಿದ್ದೆ. ಸೈಟ್ ಎಂಜಿನಿಯರ್ ಫೋನು ಮಾಡಿದ. ತಂತಿ ದೂಡುವ ಯಂತ್ರದವರು ಅರ್ಧ ದಾರಿಯಲ್ಲಿ ನಿಂತಿದ್ದಾರೆ, ತಂತಿ ಮುಂದೆ ಹೋಗುತ್ತಿಲ್ಲ. ಒಳಗೆ ಹೋದ ತಂತಿಯ ಉದ್ದ ಅಳೆದರೆ ಎಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯುತ್ತದೆ. ಅಳೆದಿದ್ದರು. ನಾನು ಪಾಸು ಮಾಡಿದ ತುಂಡು. "ಒಕಸಾರಿ ರಂಡಿ ಮೇಡಂ" ಎಂದು ಮಾತ್ರ ಹೇಳಿ ಫೋನಿಟ್ಟ. ಒಮ್ಮೆ ಬನ್ನಿ ಎಂದು. ಆ ದನಿಯಲ್ಲಿ ಮರ್ಯಾದೆ ಎಷ್ಟಿತ್ತೋ ಸಂತೋಷವೂ ಅಷ್ಟೇ ಇತ್ತು.

ಜೀಪಿನಲ್ಲಿ ನನ್ನ ಜೊತೆ ಡಕ್ಟ್ ಕೂರಿಸುವ ಗ್ಯಾಂಗಿನ ಮೇಸ್ತ್ರಿಯನ್ನೂ ಕರೆದುಕೊಂಡೆ. ನಮ್ಮ ಯಾದಗಿರಿ ಕಡೆಯ ಹಿರಿಯ. ಕೆಲಸಕ್ಕೆ ಸೇರಿದ ದಿನದಿಂದ ನಾನು ಅವನನ್ನು ಕಾಕಾ ಎನ್ನುತ್ತೇನೆ, ಅವನು ನನ್ನನ್ನು ಅಕ್ಕಾರ ಎನ್ನುತ್ತಾನೆ.

"ಹಾಲ ಇಳದಿರಬಹುದೇನ್ರಿ ಅಕ್ಕಾರ?"

"ಇಳದಿದ್ರ ನಿಮ್ಮ ಗ್ಯಾಂಗ್ ಊರಿಗೆ ಹೋಗ್ತೈತಿ ಕಾಕಾ. ನಿಮ್ಮ ಹಿಂದಽ ನಾನು."

"ಹಂಗಾದ್ರ ಚಿಂತಿಲ್ಲ. ಹೆಂಗೂ ಜೀಪಿನಾಗಽ ಅದೀವಿ, ಇಳಿಯೋದು ಬ್ಯಾಡ, ಹಂಗಽ ಹೋಗಿಬಿಡೂಣು."

ನಗಲು ನೋಡಿದೆ. ಆಗಲಿಲ್ಲ. ಗುಂಡು ಹಾಯಿಸಿದ್ದು ನನ್ನ ಕಣ್ಣ ಮುಂದೆ. ಆ ಕೊಳವೆಯಲ್ಲಿ ಅದು ಸರಾಗವಾಗಿ ಉರುಳಿ ಆಚೆ ಬಿದ್ದ ಸದ್ದೂ ನೆನಪಿದೆ. ಆದರೂ ದಾರಿಯುದ್ದಕ್ಕೂ ನನಗೆ ನನ್ನ ಮೇಲೆಯೇ ಅನುಮಾನ. ಮೊದಲ ತಲೆಮಾರಿನವರ ಕಾಯಿಲೆ ಇದು. ಎಷ್ಟೇ ಸರಿಯಾಗಿ ಮಾಡಿರಲಿ, ಯಾರಾದರೂ ದನಿ ಎತ್ತಿದ ಕೂಡಲೇ ತಪ್ಪು ನಮ್ಮದೇ ಇರಬೇಕು ಅನ್ನಿಸುತ್ತದೆ.

ಏಣಿ ಹತ್ತಿ ಮೇಲೆ ಹೋದಾಗ ಮ್ಯಾನೇಜರ್ ಆಗಲೇ ಬಂದು ನಿಂತಿದ್ದರು. ಆಂಧ್ರದ ಕಡೆಯವರು, ದನಿ ಎತ್ತದ ಮನುಷ್ಯ. ಕೆಳಗೆ ತಗಡಿನ ಅಡ್ಡಗೋಡೆಯ ಎರಡೂ ಬದಿ ಬಸ್ಸು ಆಟೋಗಳು ಹಾರ್ನ್ ಹೊಡೆಯುತ್ತಿದ್ದವು. ಅಲ್ಲಿಯ ಮಾತೆಲ್ಲ ತೆಲುಗು ಹಿಂದಿ ಬೆರೆತದ್ದು. ಅದನ್ನು ಕನ್ನಡದಲ್ಲೇ ಬರೆಯುತ್ತೇನೆ.

"ಸಹಿ ನಿಮ್ಮದೇ ಅಲ್ಲವೇನಮ್ಮಾ?"

"ನನ್ನದೇ ಸಾರ್."

"ಒಳಗೆ ಸಿಮೆಂಟು ಇಳಿದಿದ್ದರೆ ಏನು ಮಾಡಬೇಕು ಗೊತ್ತಲ್ಲ. ಇಲ್ಲೇ ಗೋಡೆ ಒಡೆದು ಕೊಳವೆ ಬಿಡಿಸಬೇಕು. ಅಂಟು ಹಾಕಿ ಆಗಿದೆ. ಒಡೆಯಲು ಮೇಲಿನವರು ಒಪ್ಪದಿದ್ದರೆ ಇಡೀ ಸಾಲು ಕೆಳಗೆ. ಆಮೇಲೆ ನಿಮ್ಮನ್ನು ಯಾರ್ಡಿನಲ್ಲಿ ಇಟ್ಟುಕೊಳ್ಳಲು ನನ್ನ ಕೈಲಿ ಆಗುವುದಿಲ್ಲ."

ಪಕ್ಕದಲ್ಲಿ ನಿಂತ ಸೈಟ್ ಎಂಜಿನಿಯರ್, ನನ್ನ ವಯಸ್ಸಿನವನೇ, ಅಪ್ಪ ಅಜ್ಜ ಎಲ್ಲ ಎಂಜಿನಿಯರುಗಳು, ಮೆಲ್ಲಗೆ ಅಂದ: "ಯಾರ್ಡಿನವರು ದಸರಾ ಪೂಜೆ ಬಹಳ ಜೋರಾಗಿ ಮಾಡಿದ್ದರು. ಚೆಕಿಂಗಿಗೆ ಟೈಮ್ ಸಿಕ್ಕಿರಲಿಕ್ಕಿಲ್ಲ."

ತಂತಿ ಹೊರಗೆಳೆಯಿರಿ ಎಂದೆ. ಪೋಣಿಸುವಾಗ ತಂತಿಯ ತುದಿಗೆ ಉಕ್ಕಿನ ಟೋಪಿ ಹಾಕಿರುತ್ತಾರೆ. ಗಟ್ಟಿ ಸಿಮೆಂಟಿಗೆ ಬಡಿದಿದ್ದರೆ ಆ ಟೋಪಿ ಉಜ್ಜಿ ಹೊಳೆಯುತ್ತಿರಬೇಕು, ಬೂದು ಪುಡಿ ಹತ್ತಿರಬೇಕು. ಯಂತ್ರ ಹಿಂದಕ್ಕೆ ತಿರುಗಿತು. ತಂತಿ ಮೆಲ್ಲಮೆಲ್ಲನೆ ಬಂತು. ಕೊನೆಗೆ ಟೋಪಿ ಹೊರಬಿತ್ತು.

ಅದರ ಮೂಗಿಗೆ ಹಳದಿ ಹತ್ತಿತ್ತು.

ಕಾಕಾ ಬೆರಳಿನಿಂದ ಅದನ್ನು ಮುಟ್ಟಿ, ಮೂಸಿ, ನನ್ನ ಮುಖ ನೋಡಿದ. "ಭಂಡಾರ್ರಿ" ಎಂದ. ದೇವರಿಗೆ ಎರಚುವ ಅರಿಷಿಣದ ಪುಡಿಗೆ ನಮ್ಮ ಕಡೆ ಹಾಗೆನ್ನುತ್ತಾರೆ.

ಆಚೆ ತುದಿಯಿಂದ ಗಾಳಿ ಊದಿದರು, ಏನೂ ಬರಲಿಲ್ಲ. ಆಮೇಲೆ ತೆಳು ಸರಳಿನ ತುದಿ ಬಗ್ಗಿಸಿ ಕೊಕ್ಕೆ ಮಾಡಿ ಒಳಗೆ ಬಿಟ್ಟು, ತಿರುವಿ, ಜಗ್ಗಿದರು. ಮೂರನೆಯದೋ ನಾಲ್ಕನೆಯದೋ ಸಲಕ್ಕೆ ಕೊಕ್ಕೆಗೆ ಸಿಕ್ಕಿಕೊಂಡು ಒಂದು ಬಟ್ಟೆಯ ಗಂಟು ಹೊರಬಂತು. ಮುಷ್ಟಿಯಷ್ಟು ಗಾತ್ರದ್ದು. ತಂತಿಯ ಏಟಿಗೆ ಚಪ್ಪಟೆಯಾಗಿತ್ತು. ಮ್ಯಾನೇಜರ್ ಅದನ್ನು ಕಾಂಕ್ರೀಟಿನ ಮೇಲಿಟ್ಟು ಪೆನ್ನಿನಿಂದ ಬಿಡಿಸಿದರು. ಅರಿಷಿಣದ ಕೊಂಬು, ಒಂದು ತಾಮ್ರದ ಬಿಲ್ಲೆ, ಮತ್ತೆ ಜೋಳ. ಮಳೆನೀರು ಹೇಗೋ ಒಳಗೆ ಇಳಿದಿರಬೇಕು, ಜೋಳ ಮೊಳಕೆಯೊಡೆದಿತ್ತು. ಬೆಳಕು ಕಾಣದ ಬಿಳಿಯ ಮೊಳಕೆಗಳು ಬಟ್ಟೆಯ ನೇಯ್ಗೆಯಲ್ಲೇ ದಾರಿ ಹುಡುಕಿ ಹೊರಗೆ ತಲೆ ಹಾಕಿ ಅಲ್ಲೇ ಒಣಗಿದ್ದವು. ಇಷ್ಟು ವರ್ಷ ಕಾಂಕ್ರೀಟಿನ ಜೊತೆ ಬದುಕಿ ನಾನು ಅದರೊಳಗೆ ಬೆಳೆ ನೋಡಿದ್ದು ಅದೇ ಮೊದಲು.

ಮ್ಯಾನೇಜರ್ ಮುಖದ ಗಂಟು ಸಡಿಲವಾಯಿತು. "ಸರಿ. ಇದು ನಿಮ್ಮ ಚೆಕಿಂಗ್ ಆದ ಮೇಲೆ ಯಾರೋ ಲೇಬರ್ ತುರುಕಿದ್ದು. ನಿಮ್ಮ ಸಹಿಗೆ ಏನೂ ಆಗಿಲ್ಲ." ಆಮೇಲೆ ಸೈಟಿನವನ ಕಡೆ ತಿರುಗಿದರು. "ಅಂಟು ಹಾಕುವ ಮೊದಲು ಇನ್ನೊಮ್ಮೆ ಗುಂಡು ಹಾಯಿಸಬೇಕು ನೀವು. ಹಾಯಿಸಿದಿರಾ?"

"ಬಾಯಿಯ ಸ್ಪಂಜು ಇದ್ದ ಹಾಗೇ ಇತ್ತು ಸಾರ್. ಹಾಗಾಗಿ..." ಎಂದು ಅವನು ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಂಡ.

"ಯಾರ ಕೆಲಸ ಇದು, ಸಂಜೆಯೊಳಗೆ ಗೊತ್ತಾಗಬೇಕು. ಆ ಗ್ಯಾಂಗ್ ನಾಳೆ ಗೇಟಿನೊಳಗೆ ಕಾಣಬಾರದು."

ಕಾಕಾ ಆ ಬಟ್ಟೆಯನ್ನೇ ನೋಡುತ್ತಿದ್ದ. ನಮ್ಮ ಕಡೆಯ ಖಣ ಅದು, ಕುಪ್ಪಸಕ್ಕೆ ಬಳಸುವ ಬಟ್ಟೆ. ಅವನ ಗ್ಯಾಂಗಿನ ಹೆಂಗಸರೆಲ್ಲ ಅಂಥದೇ ಕುಪ್ಪಸ ತೊಡುವವರು. ಯಾರದಿರಬಹುದು ಎಂದು ಅವನು ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ನಿಲ್ಲಿಸಿ ನೋಡುತ್ತಿದ್ದುದು ನನಗೆ ಕಾಣುತ್ತಿತ್ತು. ನಾನು ಹಾಗೆ ಹುಡುಕಬೇಕಾಗಿರಲಿಲ್ಲ. ಗೋರಂಟಿ ಕೆಂಪಿನ ಮೇಲೆ ಹಸಿರು ಅಂಚು. ನನ್ನ ಪದವಿ ಪ್ರದಾನದ ದಿನಕ್ಕೆಂದು ಅವ್ವ ಹೊಲಿಸಿಕೊಂಡ ಕುಪ್ಪಸದ ಉಳಿಕೆ ತುಂಡು. ಖಣ ಆರಿಸಿದ್ದೇ ನಾನು.

ಸಹಿ ಉಳಿಯಿತು ಎಂಬ ಸಮಾಧಾನ ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತೂ ಇರಲಿಲ್ಲ.

"ಸಾರ್, ಇದು ನಮ್ಮವ್ವನದು" ಎಂದೆ.

ಮ್ಯಾನೇಜರ್ ನಂಬಲಿಲ್ಲ. "ನಿಮ್ಮ ಕಡೆಯವರು ಅಂತ ಕಾಪಾಡುತ್ತಿದ್ದೀರಿ. ಆ ನಾಟಕ ಬೇಡಮ್ಮಾ."

ಆಗ ಹೇಳಿದೆ. ದಸರೆಯ ಆಯುಧ ಪೂಜೆಗೆ ಯಾರ್ಡಿನಲ್ಲಿ ಎಲ್ಲರ ಮನೆಯವರನ್ನೂ ಕರೆಯುತ್ತಾರೆ. ಕ್ರೇನು, ಮಿಕ್ಸರು, ಜ್ಯಾಕು, ಎಲ್ಲಕ್ಕೂ ಹಾರ ಕುಂಕುಮ. ಅವ್ವನೂ ತಟ್ಟೆ ಹಿಡಿದು ಬಂದಿದ್ದಳು. ನಾನು ಅವಳನ್ನು ಒಣಗಲು ಇಟ್ಟ ತುಂಡುಗಳ ಸಾಲಿಗೆ ಕರೆದೊಯ್ದು, ಒಂದರ ಮೇಲೆ ಬಣ್ಣದಲ್ಲಿ ಬರೆದ ಗುರುತು ತೋರಿಸಿ, ಇದಕ್ಕೆ ನನ್ನದೇ ಸಹಿ ಅಂದಿದ್ದೆ. ಅವಳು ಡಕ್ಟಿನ ಬಾಯಿ ತೋರಿಸಿ, "ಇದೇನಬೇ ತೂತು?" ಎಂದು ಕೇಳಿದ್ದಳು. ಓದಿದವಳ ಉಮೇದು ನನಗೆ. "ಸೇತುವಿ ಜೀವ ಇರೋದಽ ಇದರಾಗ ಯವ್ವಾ. ಇದರಾಗಿನ ತಂತಿ ಹೋತಂದ್ರ ಸೇತುವಿ ಹೋತು" ಎಂದಿದ್ದೆ. ಆಗ ಯಾರೋ ಪ್ರಸಾದಕ್ಕೆ ಕರೆದರು, ನಾನು ಹೋದೆ. ಅವ್ವ ಹಿಂದೆ ಉಳಿದು ಆರತಿ ಬೆಳಗುತ್ತಿದ್ದಳು. ಅಷ್ಟೇ ನನಗೆ ಗೊತ್ತಿದ್ದದ್ದು.

ಮ್ಯಾನೇಜರ್ ಎಲ್ಲ ಕೇಳಿ ಕೆಳಗಿನ ರಸ್ತೆ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ಇನ್ನೆಷ್ಟಕ್ಕೆ ಹಾಕಿದ್ದಾರೆ?" ಎಂದರು.

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಆ ಪೂಜೆಯ ದಿನ ಯಾರ್ಡಿನಲ್ಲಿದ್ದ ತುಂಡುಗಳು ಒಂದೆರಡಲ್ಲ. ಕೆಲವು ಆಗಲೇ ಕಂಬದ ಮೇಲೆ ಏರಿಯೂ ಆಗಿದ್ದವು.

"ಕೇಳಿಕೊಂಡು ಬನ್ನಿ. ನಿಮ್ಮ ವಿಷಯ ಆಮೇಲೆ ನೋಡೋಣ."

ನಮ್ಮ ಮನೆ ಮಿಯಾಪುರದಲ್ಲಿ, ಎತ್ತರದ ಅಪಾರ್ಟ್‌ಮೆಂಟುಗಳ ಹಿಂದಿನ ಗಲ್ಲಿಯಲ್ಲಿ. ಹೋದಾಗ ಅವ್ವ ಬಾಗಿಲಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಗಂಟನ್ನು ಮೊರದ ಅಂಚಿಗೆ ಇಟ್ಟೆ.

ಅವಳು ಅದನ್ನು ನೋಡಿ, ನನ್ನನ್ನು ನೋಡಿ, "ಇದ್ಯಾಕ ಹೊರಗ ಬಂತು?" ಎಂದಳು.

"ತಂತಿ ಹೋಗಲಿಲ್ಲ ಬೇ. ಇದು ಅಡ್ಡ ಬಂತು."

"ನೀನಽ ಹೇಳಿದ್ದಿ, ಸೇತುವಿ ಜೀವ ಆ ತೂತಿನಾಗ ಐತಿ ಅಂತ. ಜೀವ ಇರೋ ಕಡೀಗಿಡಬೇಕು. ಗ್ವಾಡಿಗೆ ಅಂಟಿಸಿ ಬರಬೇಕಿತ್ತೇನು?"

"ಸ್ಪಂಜು ಇತ್ತಲ್ಲ ಬಾಯಾಗ?"

"ತಗದೆ, ಕೈ ಹೋಗೂತನಕ ಒಳಗಿಟ್ಟೆ, ಹೆಂಗಿತ್ತೋ ಹಂಗಽ ತುರುಕಿದೆ. ಮಂದಿ ಕೆಲಸ ಕೆಡಸೋ ಪೈಕಿ ಅಲ್ಲ ನಾ."

"ಎಷ್ಟ ಇಟ್ಟಿ? ಖರೇ ಹೇಳು."

"ಒಂದಽ. ನಿನ್ನ ಸಹಿ ಇದ್ದಿದ್ದು ಅದೊಂದಽ ತೋರಿಸಿದ್ದಿ. ಅಲ್ಲಿ ಒಂದಽ ಇಟ್ಟೀನಿ."

ಉಸಿರು ಬಿಟ್ಟೆ. ಬಿಟ್ಟ ಮೇಲೆ ಅವಳ ಮಾತು ಕಿವಿಯಲ್ಲಿ ಉಳಿಯಿತು. "ಅಲ್ಲಿ ಒಂದಽ ಅಂದ್ರ? ಮತ್ತೆಲ್ಲಿಟ್ಟೀಬೇ?"

"ದುಡದ ಕಡೆಲ್ಲಾ" ಎಂದಳು, ದಿನಾ ಒಲೆಗೆ ನೀರಿಟ್ಟೆ ಅಂದಷ್ಟು ಸಹಜವಾಗಿ. ಕೈಯಲ್ಲಿದ್ದ ಕಲ್ಲಿನ ಚೂರನ್ನು ಬೀಸಾಡಿ, ಮೊರದಿಂದಲೇ ಎದುರಿನ ಅಪಾರ್ಟ್‌ಮೆಂಟ್ ತೋರಿಸಿದಳು. "ಅದರಾಗ ಐತಿ. ಆ ಕಡೀದರಾಗೂ ಐತಿ. ಸಿಕಂದರಾಬಾದಿನಾಗ ದೊಡ್ಡ ದವಾಖಾನಿ ಕಟ್ಟಿದ್ವಲ್ಲ, ಅದರಾಗ. ನಾಂಪಲ್ಲ್ಯಾಗ ಸರಕಾರಿ ಆಫೀಸು."

ಅವ್ವ ಇಪ್ಪತ್ತು ವರ್ಷಕ್ಕೂ ಹೆಚ್ಚು ಈ ಊರಿನಲ್ಲಿ ತಲೆಯ ಮೇಲೆ ಕಾಂಕ್ರೀಟು ಹೊತ್ತವಳು. ಬುಟ್ಟಿ ಎತ್ತಿ ಕಂಬದ ಅಚ್ಚಿನೊಳಗೆ ಸುರಿಯುವವರು ಹೆಂಗಸರೇ. ಸುರಿಯುವಾಗ ಬುಟ್ಟಿಯೊಳಗೆ ಏನಿದೆ ಎಂದು ಯಾವ ಎಂಜಿನಿಯರ್ ನೋಡುತ್ತಾನೆ? ಹೈದರಾಬಾದಿನ ಎಷ್ಟು ಕಂಬಗಳ ಹೊಟ್ಟೆಯಲ್ಲಿ ನಮ್ಮವ್ವನ ಜೋಳ ಇದೆಯೋ ದೇವರೇ ಬಲ್ಲ.

"ನಿನ್ನ ಕಾಲೇಜಿನಾಗೂ ಐತಿ" ಎಂದಳು.

"ಯಾವ ಕಾಲೇಜು?"

"ನೀ ಕಲತದ್ದು. ಪುಸ್ತಕದ ಖೋಲಿ ಮುಂದ ದುಂಡನ ಕಂಬ ಐತಲ್ಲ, ಅದು. ನೀ ಆಗ ಸಣ್ಣಾಕಿ, ಉಸುಕಿನ ಗುಡ್ಡಿ ಮ್ಯಾಲ ಮಲಗಸ್ತಿದ್ದೆ."

ನಾಲ್ಕು ವರ್ಷ ಅಲ್ಲಿ ಓದಿದ್ದೇನೆ. ಪರೀಕ್ಷೆ ಇದ್ದಾಗೆಲ್ಲ ಆ ಕಂಬಕ್ಕೆ ಬೆನ್ನು ಕೊಟ್ಟೇ ಕೂರುತ್ತಿದ್ದೆ, ನೆರಳು ತಂಪು ಅಂತ. ಅವ್ವ ಫೀಸು ಕಟ್ಟಲು ಬಂದಿದ್ದಾಳೆ, ಪದವಿಯ ದಿನ ಬಂದಿದ್ದಾಳೆ, ಆ ಕಂಬದ ಪಕ್ಕದಲ್ಲೇ ನಿಂತು ನನ್ನ ಜೊತೆ ಫೋಟೋ ತೆಗೆಸಿಕೊಂಡಿದ್ದಾಳೆ. ಒಂದು ಮಾತು ಹೇಳಿರಲಿಲ್ಲ.

"ಯಾಕ ಹೇಳಲಿಲ್ಲ ಬೇ?"

"ಹೇಳಿದ್ರ ನೀ ಕಂಬಾ ನೋಡ್ಕೋಂತ ಕುಂದರ್ತಿದ್ದಿ. ಓದ್ತಿದ್ದಿಲ್ಲ."

ಆಮೇಲೆ ತಾನೇ ಹೇಳಿದಳು. ಈ ಊರಿಗೆ ಬಂದ ಹೊಸದರಲ್ಲಿ ಒಂದು ಕಟ್ಟಡದ ಕೆಲಸ. ನಮ್ಮ ಹಳ್ಳಿಯ ಹೆಂಗಸರು ಪಾಯ ತುಂಬುವ ದಿನ ಒಳಗೆ ಇಂಥ ಗಂಟು ಇಡುತ್ತೇವೆ ಎಂದರೆ ಅಲ್ಲಿಯ ಮೇಸ್ತ್ರಿ ಬೈದು ಓಡಿಸಿದನಂತೆ. ತಿಂಗಳು ತುಂಬುವುದರೊಳಗೆ ಸ್ಲ್ಯಾಬಿನ ಕೆಳಗಿನ ಆಸರೆ ಕಳಚಿ ಬಿತ್ತು. ಅವ್ವನ ಪಕ್ಕದಲ್ಲೇ ಬುಟ್ಟಿ ಹಿಡಿದು ನಿಂತಿದ್ದ ಹೆಂಗಸು ಹೋದಳು. ಅವಳೂ ನಮ್ಮೂರಿನವಳೇ, ಅವ್ವನ ಗೆಳತಿ. "ದೊಡ್ಡ ಕಟ್ಟಡಕ್ಕ ಹಸಿವಿ ಇರ್ತೈತಿ. ಕಾಳ ತಿನ್ನಲಿ, ಮಂದೀನ ತಿನ್ನೂದು ಬ್ಯಾಡ ಅಂತ ಇಡ್ತಿದ್ದೆ. ನೀ ಈಗ ದಿನಾ ಅದರ ಬುಡಕ ನಿಂದರ್ತಿ. ಇಡಲಾರದ ಹೆಂಗ ಬರಲಿ?"

ನಾನು ಸುಮ್ಮನಿರಬಹುದಿತ್ತು. ಆದರೆ ನನ್ನ ಬಾಯಿ ಸುಮ್ಮನಿರುವ ಬಾಯಲ್ಲ.

"ಯವ್ವಾ, ಕೇಳಿಲ್ಲೆ. ತಂತಿ ಇವತ್ತ ಸಿಕ್ಕಿದ್ದು ಪುಣ್ಯ. ಇದರ ಬಾಜೂಕಿನಿಂದ ಹೆಂಗರ ನುಸುಳಿ ಹೋಗಿದ್ರ ಏನಾಗ್ತಿತ್ತು ಗೊತ್ತೇನು? ತಂತಿ ಬಿಗದ ಮ್ಯಾಲ ಆ ಕೊಳವಿ ತುಂಬ ಸಿಮೆಂಟಿನ ಗಂಜಿ ಹಾಕ್ತೀವಿ, ತಂತಿಗೆ ತುಕ್ಕು ಹಿಡೀಬಾರದಂತ. ಇದು ಅಡ್ಡ ಇದ್ರ ಗಂಜಿ ಮುಂದ ಹೋಗಂಗಿಲ್ಲ. ನೀರ ನಿಂದರ್ತೈತಿ. ಒಳಗೊಳಗಽ ತುಕ್ಕು ತಿಂತೈತಿ, ಯಾರ ಕಣ್ಣಿಗೂ ಬೀಳಂಗಿಲ್ಲ. ಮ್ಯಾಲ ರೈಲು, ಕೆಳಗ ಮಂದಿ."

ಮೊರದ ಮೇಲಿನ ಅವಳ ಕೈ ನಿಂತಿತು.

"ನನ್ನ ಗಂಟಿನ ಸಲುವಾಗಿ?"

"ನಿನ್ನ ಗಂಟಿನ ಸಲುವಾಗಿ."

ಅವ್ವನ ಮುಖದಲ್ಲಿ ಅಂಥ ದಿಗಿಲು ನಾನು ಯಾವತ್ತೂ ನೋಡಿರಲಿಲ್ಲ. ಗಂಟನ್ನು ಎತ್ತಿಕೊಂಡು ಆ ಒಣಗಿದ ಮೊಳಕೆಗಳನ್ನು ಒಂದೊಂದೇ ಕಿತ್ತಳು. ಆಮೇಲೆ, "ಕಂಬದಾಗಿನವು ತಗೀಲಿಕ್ಕೆ ಬರ್ತಾವೇನು?" ಎಂದಳು.

"ಬರಂಗಿಲ್ಲ."

"ಹಂಗಾದ್ರ?"

"ಕಂಬದ ಮಾತು ಬ್ಯಾರೆ ಬೇ. ಅಲ್ಲಿ ತಂತಿ ಇಲ್ಲ. ಸುತ್ತ ಸರಳು ಇರ್ತಾವ, ಭಾರ ಮ್ಯಾಲಿಂದ ಕೆಳಗ ಇಳೀತೈತಿ. ಇಷ್ಟಗಲದ್ದು ತಡಕೊಂತೈತಿ." ಹೇಳಿದ್ದು ಸುಳ್ಳಲ್ಲ, ಲೆಕ್ಕ ಹಾಕಿದರೂ ಅಷ್ಟೇ ಬರುತ್ತದೆ. ಆದರೂ ಅದೇ ವಾರ ಒಂದು ರಜೆಯ ದಿನ ಕಾಲೇಜಿಗೆ ಹೋದೆ. ಕಾಂಕ್ರೀಟಿನಲ್ಲಿ ಕಸಕಡ್ಡಿ ಒಂದು ಚೂರೂ ಇರಕೂಡದು ಎಂದು ನಮಗೆ ಪಾಠ ಹೇಳಿದ ಮೇಷ್ಟ್ರು ಇದೇ ಕಂಬಕ್ಕೆ ಒರಗಿ ಚಹಾ ಕುಡಿಯುತ್ತಿದ್ದದ್ದು ನೆನಪಾಯಿತು. ಬೆರಳಿನ ಗೆಣ್ಣಿನಿಂದ ಸುತ್ತಲೂ ಬಡಿದು ಕೇಳಿದೆ. ಎಲ್ಲ ಕಡೆ ಒಂದೇ ಸದ್ದು, ಗಟ್ಟಿ. ವಾಚ್‌ಮನ್ ಬಂದು ಏನು ಬೇಕು ಎಂದು ಹಿಂದಿಯಲ್ಲಿ ಕೇಳಿದ. ಏನೂ ಇಲ್ಲ, ನಮ್ಮವ್ವ ಕಟ್ಟಿದ್ದು, ನೋಡಲು ಬಂದೆ ಎಂದೆ. ಅವನು ನನ್ನನ್ನು ಗೇಟಿನ ತನಕ ಬಿಟ್ಟು ಹೋದ.

ಇತ್ತ ಗಂಟು ಸಿಕ್ಕಿದ ಮಾರನೆಯ ಬೆಳಿಗ್ಗೆ ಮ್ಯಾನೇಜರಿಗೆ ವರದಿ ಒಪ್ಪಿಸಿದ್ದೆ. ಒಂದೇ ಅಂತೆ ಸಾರ್ ಎಂದರೆ ಅವರು ತಲೆಯಾಡಿಸಿದರು. "ನಿಮ್ಮ ತಾಯಿಯ ಮಾತು ನಂಬುತ್ತೇನೆ. ಆದರೆ ಆ ದಿನ ಬಂದವರು ನಿಮ್ಮ ತಾಯಿ ಒಬ್ಬರೇ ಅಲ್ಲ. ಪೂಜೆಯ ದಿನ ಯಾರ್ಡಿನಲ್ಲಿದ್ದ ಪ್ರತಿ ತುಂಡಿನ ಪ್ರತಿ ಡಕ್ಟನ್ನೂ ಇನ್ನೊಮ್ಮೆ ನೋಡಿ. ನೀವೇ ನೋಡಬೇಕು. ಆಮೇಲೆ ನಿಮ್ಮ ಕೆಲಸದ ಮಾತು."

ಕಂಬ ಏರಿದವುಗಳಲ್ಲಿ ತಂತಿ ಸರಾಗವಾಗಿ ಹಾದು, ಸಿಮೆಂಟಿನ ಗಂಜಿಯೂ ಒಂದು ತುದಿಯಿಂದ ಹೋಗಿ ಮತ್ತೊಂದು ತುದಿಯಲ್ಲಿ ಉಕ್ಕಿತ್ತು. ಅವುಗಳ ಚಿಂತೆ ಇರಲಿಲ್ಲ. ಉಳಿದವು ಯಾರ್ಡಿನಲ್ಲಿ ಒಂದರ ಮೇಲೊಂದು ನಿಂತಿದ್ದವು. ಕಾಕಾ, ಅವನ ಗ್ಯಾಂಗು, ನಾನು, ಸ್ಪಂಜು ಕಿತ್ತು ಗುಂಡು ಬಿಡುತ್ತ ಹೋದೆವು. ಮೊದಲು ಏನೂ ಸಿಗಲಿಲ್ಲ. ಏನೂ ಸಿಗುವುದಿಲ್ಲ ಎಂದೇ ನಾನು ಧೈರ್ಯವಾಗಿದ್ದೆ. ಆಮೇಲೆ ಒಂದರಲ್ಲಿ ಗುಂಡಿನ ಮುಂದೆ ಒಣಗಿ ಕಪ್ಪಾದ ಲಿಂಬೆಹಣ್ಣು ಉರುಳಿ ಬಂತು. ಇನ್ನೊಂದರಲ್ಲಿ ಕರಿದಾರ ಸುತ್ತಿದ ತಾಯಿತ. ಕ್ರೇನ್ ನಡೆಸುವ ಸಾಬಿ ಅದನ್ನು ಕಂಡವನೇ ಏನೂ ಹೇಳದೆ ಕೈ ಚಾಚಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡ. ಮತ್ತೊಂದರಲ್ಲಿ ಜಾರ್ಖಂಡಿನ ವೆಲ್ಡರುಗಳ ಸಿಂಧೂರದ ಪೊಟ್ಟಣ.

"ಅಕ್ಕಾರ, ಇದು ಸೇತುವಿ ಅಲ್ರಿ. ದೇವರ ಜಗಲಿ" ಎಂದ ಕಾಕಾ.

ನನಗೆ ನಗು ಬರಲಿಲ್ಲ. ಇವೆಲ್ಲವೂ ನನ್ನ ಸಹಿಯ ಒಳಗೆ ಕೂತಿದ್ದವು. ಪ್ರತಿಯೊಂದೂ ಯಾರೋ ತಮ್ಮವರ ಜೀವಕ್ಕೆಂದು ಇಟ್ಟದ್ದು. ಅಷ್ಟೂ ಸೇರಿ ಎಷ್ಟು ಜೀವ ತೆಗೆಯಬಹುದಿತ್ತೋ.

ಕೊನೆಕೊನೆಗೆ ಒಂದು ಡಕ್ಟಿನಿಂದ ಪುಟ್ಟ ರೇಷ್ಮೆ ಚೀಲ ಬಂತು. ಜರಿಯ ದಾರದಲ್ಲಿ ಬಾಯಿ ಕಟ್ಟಿತ್ತು, ಒಳಗೆ ಅಕ್ಷತೆ. ನಮ್ಮಂಥವರ ಮನೆಯದಲ್ಲ. ಅಷ್ಟರಲ್ಲಿ ಮ್ಯಾನೇಜರ್ ನೋಡಲು ಬಂದರು. ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿ, ಅಂಗಿಯ ಜೇಬಿಗೆ ಹಾಕಿಕೊಂಡರು.

"ನಮ್ಮ ಮನೆಯವರೂ ಆ ದಿನ ಬಂದಿದ್ದರು" ಎಂದರು. ತೆಲುಗಿನಲ್ಲಿ ಅಷ್ಟೇ ಮಾತು. ಸ್ವಲ್ಪ ದೂರ ಹೋಗಿ ತಿರುಗಿ, "ಸಾಲು ಮುಗಿಸಿ ಸಹಿ ಹಾಕಿ. ನಾಳೆಯಿಂದ ಸ್ಪಂಜು ಬೇಡ, ತಿರುಪಿನ ಮುಚ್ಚಳ ತರಿಸುತ್ತೇನೆ" ಎಂದರು. ನನ್ನ ಕೆಲಸದ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಆ ಸಂಜೆ, ಸಿಕ್ಕಿಕೊಂಡಿದ್ದ ಡಕ್ಟಿನಲ್ಲಿ ತಂತಿ ಹಾಯಿಸಿದರು. ಸೈಟ್ ಎಂಜಿನಿಯರ್ ಫೋನು ಮಾಡಿ, "ಹೋಯಿತು ಮೇಡಂ" ಎಂದ. ಈ ಸಲ ಬರೀ ಮರ್ಯಾದೆ ಇತ್ತು.

ಮುಂದಿನ ದಸರೆಗೆ ಅವ್ವ ಬರುವುದಿಲ್ಲ ಎಂದುಕೊಂಡಿದ್ದೆ. ಬಂದಳು. ತಟ್ಟೆ ಹಿಡಿದು ತುಂಡುಗಳ ಸಾಲಿನ ಮುಂದೆ ನಿಂತು, ಡಕ್ಟಿನ ಬಾಯಿಗಳಿಗೆಲ್ಲ ಬಿಗಿದ ಕೆಂಪು ಮುಚ್ಚಳಗಳನ್ನು ನೋಡಿದಳು. ಒಂದನ್ನು ತಿರುಗಿಸಲು ನೋಡಿದಳು. ಬರಲಿಲ್ಲ.

"ಚಲೋ ಆತು" ಎಂದಳು. ಆಮೇಲೆ ದನಿ ತಗ್ಗಿಸಿ, "ಒಂದ ತಂದೀನಿ. ನೀ ಎಲ್ಲಿ ಹೇಳ್ತಿ ಅಲ್ಲಿಡ್ತೀನಿ. ಬ್ಯಾಡಂದ್ರ ಇಡಂಗಿಲ್ಲ."

ಅವ್ವ ನನ್ನ ಅಪ್ಪಣೆ ಕೇಳಿದ್ದು ಅದೇ ಮೊದಲು. ಅವಳನ್ನು ತುಂಡಿನ ತುದಿಗೆ ಕರೆದೊಯ್ದು ಒಳಗೆ ಬಗ್ಗಿ ನೋಡಲು ಹೇಳಿದೆ. ಮೆಟ್ರೋ ಸೇತುವೆಯ ಒಳಗೆ ಟೊಳ್ಳು. ಹೋದ ದಸರೆಗೆ ಈ ದೊಡ್ಡ ಬಾಯಿಗೆ ತಾಡಪತ್ರಿ ಕಟ್ಟಿತ್ತು, ಅವಳು ಒಳಗೆ ನೋಡಿರಲಿಲ್ಲ. ಸುತ್ತ ಗೋಡೆ, ಮೇಲೆ ಚಪ್ಪಡಿ, ನಡುವೆ ಒಬ್ಬ ಮನುಷ್ಯ ನಡೆದು ಹೋಗುವಷ್ಟು ಜಾಗ. ಇಲ್ಲಿ ಒಂದು ಮೂಲೆಯಲ್ಲಿ ಇಟ್ಟರೆ ಯಾವ ತಂತಿಗೂ ತೊಂದರೆ ಇಲ್ಲ ಎಂದು ಹೇಳುವುದರಲ್ಲಿದ್ದೆ.

ಅವ್ವ ತಲೆ ಒಳಗೆ ಹಾಕಿ ಆ ತುದಿಯ ಬೆಳಕಿನ ತನಕ ನೋಡಿದಳು. ಜೀವಮಾನವಿಡೀ ಕಾಂಕ್ರೀಟು ಹೊತ್ತವಳು, ದೊಡ್ಡದೆಲ್ಲ ಒಳಗೂ ತುಂಬಿಯೇ ಇರುತ್ತದೆ ಎಂದು ತಿಳಿದವಳು.

"ಒಳಗ ಬರೇ ಖಾಲಿ ಐತಲ್ಲಬೇ."

"ಹೂಂ. ಹಂಗಽ ಇರಬೇಕು. ತೂಕ ಕಡಿಮಿ ಆಗಲಿ ಅಂತ."

"ಇದರ ಮ್ಯಾಲ ರೈಲು ಹೋಗ್ತೈತಿ?"

"ಹೋಗ್ತೈತಿ."

"ಅದಕ್ಕ ನೀ ಸಹಿ ಹಾಕೀದಿ?"

"ಹಾಕೀನಿ ಯವ್ವಾ."

ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡು ನನ್ನನ್ನು ನೋಡಿದ ರೀತಿ ಮರೆಯಲಾರೆ. ತಂದ ಗಂಟನ್ನು ಒಮ್ಮೆ ಅಂಗೈಯಲ್ಲಿ ತೂಗಿ ನೋಡಿ, ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇದಕ್ಕ ಒಂದ ಗಂಟು ಸಾಲಂಗಿಲ್ಲ ಬಿಡು" ಎಂದಳು.